ಎಡಗಡೆ ಸೀಟಿನ ಮೇಷ್ಟ್ರು

ಹೋದ ವಾರ ಹಿರಿಯೂರಿನಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. "ಅಕ್ಕಾ, ನಾನೂ ನಿಮ್ಮಂಗೆ ಡ್ರೈವಿಂಗ್ ಹೇಳ್ಕೊಡಾಳು ಆಗ್ಬೇಕು. ಟ್ರೈನಿಂಗ್ ಎಲ್ಲಿ ತಗಂಡ್ರೆ ಚೆನ್ನಾಗಿರ್ತದೆ?" ಎಂದಳು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಅದು ನನ್ನದಲ್ಲ. ಇದೇ ಪ್ರಶ್ನೆ ಹೊತ್ತುಕೊಂಡು ಕೆಲವು ವರ್ಷಗಳ ಹಿಂದೆ ನಾನೂ ಊರೂರು ಸುತ್ತಿದ್ದೆ. ಆಗ ಸಿಕ್ಕಿದವರು ಮೇಷ್ಟ್ರು. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಫೋನ್ ಇಟ್ಟ ಮೇಲೆ ಆ ದಿನವೆಲ್ಲ ಅವರದೇ ನೆನಪು.

ಹೆಸರು ಬರೆಯುವುದಿಲ್ಲ. ಹೊಳಲ್ಕೆರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಸಂತೆಯವರಿಗೂ ಪೊಲೀಸರಿಗೂ ಅವರು ಮೇಷ್ಟ್ರೇ. ಹಾಗೆಂದು ಶಾಲೆಯ ಮೇಷ್ಟ್ರಲ್ಲ. ಒಂದು ಹಳೆಯ ಬಿಳಿ ಕಾರು, ಒಂದು ಕೋಣೆಯ ಆಫೀಸು, ಬಣ್ಣ ಹೋದ ಒಂದು ಬೋರ್ಡು, ಇಷ್ಟೇ ಅವರ ಡ್ರೈವಿಂಗ್ ಸ್ಕೂಲು. ಆಳು ಕುಳ್ಳು. ಅರ್ಧ ತೋಳಿನ ಅಂಗಿ, ಹೆಗಲ ಮೇಲೆ ಟವೆಲ್ಲು. ಕಾರು ಹತ್ತುವ ಮುಂಚೆ ಚಪ್ಪಲಿ ಬಿಟ್ಟು, ಎರಡನ್ನೂ ಕೈಯಲ್ಲಿ ಹಿಡಿದು ಸೀಟಿನ ಕೆಳಗೆ ತೂರಿಸುತ್ತಿದ್ದರು. ಗುಡಿಗೆ ಹೋಗುವವರು ಕೂಡ ಚಪ್ಪಲಿಯನ್ನು ಅಷ್ಟು ಜೋಪಾನ ಮಾಡುವುದಿಲ್ಲ.

ನನ್ನ ತವರು ಶ್ರೀರಾಂಪುರದ ಹತ್ತಿರ, ಗಂಡನ ಮನೆ ಹೊಸದುರ್ಗ. ಆರು ವರ್ಷ ಹೊಸದುರ್ಗದ ಒಂದು ಶಾಲೆಯ ವ್ಯಾನ್ ಓಡಿಸಿದ್ದೆ. ಅಪ್ಪ ಕುರಿ ಸಾಕಿದವರು. ಮಕ್ಕಳನ್ನು ಎಣಿಸಿ ಹತ್ತಿಸಿ, ಎಣಿಸಿ ಇಳಿಸುವುದು ನನಗೆ ರಕ್ತದಲ್ಲೇ ಬಂದಿದೆ ಎಂದು ಗಂಡ ರೇಗಿಸುತ್ತಿದ್ದ. ಹೆಂಗಸೊಬ್ಬಳು ವ್ಯಾನ್ ಓಡಿಸುವುದನ್ನು ನೋಡಿ ಅಂಗನವಾಡಿಯವರು, ನರ್ಸುಗಳು, ಟೀಚರುಗಳು "ನಮಗೂ ಹೇಳ್ಕೊಡೇ" ಎಂದು ಗಂಟುಬಿದ್ದರು. ಊರಿನ ಡ್ರೈವಿಂಗ್ ಸ್ಕೂಲಿನ ಯಜಮಾನರೂ ಒಂದು ದಿನ ಕರೆದು, "ಹೆಂಗಸ್ರ ಬ್ಯಾಚ್ ಮಾಡಾಣ ಕಣಮ್ಮ. ಟ್ರೈನಿಂಗ್ ಮುಗ್ಸಿ ಸರ್ಟಿಫಿಕೇಟ್ ತಗಂಡು ಬಾ, ಕೆಲ್ಸ ನಿಂದೇ" ಎಂದರು. ಎಸ್ಸೆಸ್ಸೆಲ್ಸಿ ಆಗಿತ್ತು, ಓಡಿಸಿದ ಅನುಭವವೂ ಇತ್ತು. ಬೇಕಾಗಿದ್ದದ್ದು ತರಬೇತಿಯ ಕಾಗದ ಒಂದೇ.

ಆದರೆ ಒಳಗೊಂದು ಅಳುಕಿತ್ತು. ಅದಕ್ಕೂ ಹಿಂದಿನ ವರ್ಷ ನಾದಿನಿಗೆ ಕಾರು ಕಲಿಸಲು ಹೋಗಿದ್ದೆ. ಶ್ರೀರಾಂಪುರದ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂತು. ಪಾಪ, ಅವಳು ಸರಿಯಾಗಿಯೇ ಪಕ್ಕಕ್ಕೆ ತೆಗೆದುಕೊಳ್ಳುತ್ತಿದ್ದಳು. ನಾನು ಕಿರುಚಿ ಸ್ಟೇರಿಂಗ್ ಎಳೆದೆ. ಕಾರು ರಾಗಿ ಹೊಲಕ್ಕೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ನಾದಿನಿ ಅವತ್ತಿನಿಂದ ಸ್ಟೇರಿಂಗ್ ಮುಟ್ಟಿಲ್ಲ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ನಾಚಿಕೆ. ಓಡಿಸಲು ಬರುವವಳಿಗೆ ಕಲಿಸಲೂ ಬರುತ್ತದೆಯೇ? ಬರದಿದ್ದರೆ ಅದನ್ನು ಕಲಿಸುವ ಜಾಗ ಯಾವುದು? ಸರ್ಟಿಫಿಕೇಟಿಗಿಂತ ನನಗೆ ಬೇಕಾಗಿದ್ದದ್ದು ಈ ಉತ್ತರ.

ಮೊದಲು ಹಿರಿಯೂರಿನ ಒಂದು ಕಡೆ ವಿಚಾರಿಸಿದೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಮೇಜಿನ ಹಿಂದೆ ನಗುಮುಖದವರೊಬ್ಬರು. "ನೀವು ಎರಡೇ ಸಲ ಬರ್ರಿ ಮೇಡಂ, ಒಂದು ಸಲ ಫೋಟೋಕ್ಕೆ, ಇನ್ನೊಂದು ಸಲ ಸರ್ಟಿಫಿಕೇಟಿಗೆ" ಎಂದರು. ನಡುವೆ ಕಲಿಯುವುದು ಯಾವಾಗ ಎಂದು ಕೇಳಿದೆ. "ನಿಮಗೆ ಗಾಡಿ ಬರ್ತದಲ್ಲ!" ಎಂದು ಅವರು ನಿಜಕ್ಕೂ ಆಶ್ಚರ್ಯಪಟ್ಟರು. 

ಆಮೇಲೆ ಚಿತ್ರದುರ್ಗ. ಅಲ್ಲಿಯ ತರಬೇತಿ ಕೇಂದ್ರ ದೊಡ್ಡದು. ಬೆಂಚು ಹಾಕಿದ ಹಾಲ್, ಕೊಯ್ದು ತೆರೆದಿಟ್ಟ ಎಂಜಿನ್ನು, ಟಿವಿಯ ಮುಂದೆ ಸೀಟು, ಸ್ಟೇರಿಂಗ್ ಇಟ್ಟ ಒಂದು ಯಂತ್ರ. ಅದರಲ್ಲಿ ಕುಳಿತು ನೋಡಿ ಎಂದರು. ಕುಳಿತೆ. ಪರದೆಯ ಮೇಲೆ ಒಂದು ನಾಯಿ ಅಡ್ಡ ಬಂತು, ನಾನು ಹೊಡೆದೇಬಿಟ್ಟೆ. ಅಷ್ಟರಲ್ಲಿ ನಾಯಿ ಎದ್ದು ಬಾಲ ಅಲ್ಲಾಡಿಸಿಕೊಂಡು ಮತ್ತೆ ಬಂತು. ಜಾಗ ಚೆನ್ನಾಗಿತ್ತು, ಮೇಡಮ್ಮೊಬ್ಬರು ಪಾಠವನ್ನೂ ಅರ್ಥವಾಗುವ ಹಾಗೆ ಮಾಡುತ್ತಿದ್ದರು. ಆದರೆ ಅಲ್ಲಿ ಹೆದರಿದ ಮನುಷ್ಯರು ಯಾರೂ ಕಾಣಲಿಲ್ಲ. ಅಂಥವರಿಗೇ ತಾನೇ ನಾನು ಮುಂದೆ ಕಲಿಸಬೇಕಾದದ್ದು?

ಅವತ್ತು ಹೊಸದುರ್ಗಕ್ಕೆ ವಾಪಸು ಬರುವಾಗ ಬಸ್ಸು ಹೊಳಲ್ಕೆರೆಯಲ್ಲಿ ನಿಂತಿತು. ಕಿಟಕಿಯಿಂದ ನೋಡಿದರೆ ಎದುರಿನ ಬಯಲಿನಲ್ಲಿ ಡ್ರೈವಿಂಗ್ ಸ್ಕೂಲಿನ ಕಾರೊಂದು ತೆವಳುತ್ತಿತ್ತು. ಸ್ಟೇರಿಂಗಿನ ಹಿಂದೆ ನಡುವಯಸ್ಸಿನ ಹೆಂಗಸು, ಬೆವರಿ ತೊಪ್ಪೆಯಾಗಿದ್ದಳು. ಪಕ್ಕದ ಸೀಟಿನಲ್ಲಿ ಒಬ್ಬ ಮುದುಕ ಊಟಕ್ಕೆ ಕುಳಿತವರಂತೆ ಚಕ್ಕಂಬಕ್ಕಳ ಹಾಕಿ ಕುಳಿತಿದ್ದರು! ಕಲಿಸುವ ಕಾರಿನಲ್ಲಿ ಎಡಗಡೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಕಲಿಸುವವರ ಪ್ರಾಣವೆಲ್ಲ ಆ ಪೆಡಲಿನ ಮೇಲೇ ಇರುತ್ತದೆ. ಈ ಮನುಷ್ಯ ಎರಡು ಕಾಲನ್ನೂ ಮೇಲಿಟ್ಟುಕೊಂಡಿದ್ದಾರೆ. ಹುಚ್ಚೋ, ಧೈರ್ಯವೋ? ಕುತೂಹಲ ತಡೆಯಲಾಗದೆ ಬಸ್ಸಿನಿಂದ ಇಳಿದುಬಿಟ್ಟೆ. ಹತ್ತಿರ ಹೋದಾಗ ಇನ್ನೊಂದು ಕಂಡಿತು. ಕಾಲು ಮೇಲಿದ್ದರೂ ಅವರ ಬಲಗೈ ಹ್ಯಾಂಡ್‌ಬ್ರೇಕಿನ ಪಕ್ಕದಲ್ಲೇ ಇತ್ತು, ಬೆರಳು ಮಾತ್ರ ತಾಗುತ್ತಿರಲಿಲ್ಲ. ಬಯಲು ಬಿಟ್ಟು ಊರೊಳಗೆ ಬಂದರೆ ಕಾಲು ಕೆಳಗೆ ಇಳಿಯುತ್ತಿತ್ತು ಎಂಬುದು ಆಮೇಲೆ ಗೊತ್ತಾಯಿತು.

"ಏನಮ್ಮ, ಕಾರು ಕಲೀಬೇಕಾ?" ಎಂದರು.

"ಇಲ್ಲ ಸಾರ್, ಓಡ್ಸಾದು ಬರ್ತದೆ. ಕಲ್ಸಾದು ಕಲೀಬೇಕು."

ಅವರು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. "ಇದನ್ನ ಇಷ್ಟು ವರ್ಷದಾಗೆ ಯಾರೂ ಕೇಳಿರ್ಲಿಲ್ಲ ಬಿಡು. ಬಾ, ಕುಂತ್ಕ. ಎಲ್ಲೆಲ್ಲಿ ಹೋಗಿ ಬಂದೆ?"

ಹಿರಿಯೂರಿನ ಕಥೆ, ಚಿತ್ರದುರ್ಗದ ನಾಯಿಯ ಕಥೆ ಎಲ್ಲ ಹೇಳಿದೆ. ಸತ್ತ ನಾಯಿ ಎದ್ದು ಬಂತು ಎಂದಾಗ ಟವೆಲ್ಲು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಾನು ಧೈರ್ಯ ಮಾಡಿ, "ನೀವು ಟ್ರೈನಿಂಗ್ ಕೊಡ್ತೀರಾ? ಸರ್ಟಿಫಿಕೇಟ್ ಕೊಡ್ತೀರಾ?" ಎಂದೆ.

"ನಂತಾವ ಕೊಡಾಕೆ ಟೀ ಬಿಟ್ರೆ ಏನೂ ಇಲ್ಲ ಕಣಮ್ಮ. ಆದ್ರೆ ಒಂದು ಮಾತು ಹೇಳ್ತೀನಿ. ಎಲ್ಲಿ ಸೇರ್ಬೇಕು ಅಂತೀಯೋ, ಅಲ್ಲಿ ಹಿಂದೆ ಕಲ್ತ ಹೆಂಗಸ್ರನ್ನ ಹುಡುಕು. ಲೈಸೆನ್ಸ್ ಐತಾ ಅಂತ ಕೇಳ್ಬ್ಯಾಡ, ಅದು ಎಲ್ರತಾವೂ ಇರ್ತದೆ. ಹೋದ ವಾರ ಗಾಡಿ ಎಲ್ಲಿಗೆ ತಗಂಡು ಹೋಗಿದ್ರಿ ಅಂತ ಕೇಳು."

"ನಿಮ್ಮತ್ರ ಕಲ್ತೋರನ್ನೂ ಕೇಳ್ಲಾ?"

"ಅವ್ರನ್ನೇ ಮೊದ್ಲು ಕೇಳು," ಎಂದರು.

ಆ ಪ್ರಶ್ನೆ ಹಿಡಿದುಕೊಂಡು ನಾನು ಭಾನುವಾರಗಳನ್ನೆಲ್ಲ ಬಸ್ಸಿನಲ್ಲಿ ಕಳೆದೆ. ಹೀಗೆ ಕಂಡವರ ಮನೆಗೆ ಹೋಗಿ ವಿಚಾರಿಸುವುದು ಮೊದಲು ಸಂಕೋಚವೆನಿಸಿತು. ಆಮೇಲೆ ಅದೇ ಚಟವಾಯಿತು. ಹಿರಿಯೂರಿನ ಒಬ್ಬರು ಬೀರುವಿನಿಂದ ಲೈಸೆನ್ಸ್ ತಂದು ತೋರಿಸಿದರು. ಸೀರೆಗಳ ನಡುವೆ ಇದ್ದದ್ದರಿಂದ ಅದಕ್ಕೆ ನುಸಿಗುಳಿಗೆಯ ವಾಸನೆ. ಕಾರು ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಹೊದಿಕೆಯ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು. "ಪಕ್ಕದಾಗೆ ಸಾರ್ ಕುಂತಿದ್ರೆ ಓಡಿಸ್ತೀನಿ ಕಣ್ರಿ. ಒಬ್ಳೇ ಕುಂತ್ರೆ ಕೈ ನಡುಗ್ತಾವೆ," ಎಂದರು. ಚಿತ್ರದುರ್ಗದಲ್ಲಿ ಇಬ್ಬರು ಸಿಕ್ಕರು. ಒಬ್ಬಳು ದಿನಾ ಕಾಲೇಜಿಗೆ ಕಾರಲ್ಲೇ ಹೋಗುತ್ತಿದ್ದಳು, ಇನ್ನೊಬ್ಬಳು ತನ್ನ ಬಡಾವಣೆಯ ಗೇಟು ದಾಟಿರಲಿಲ್ಲ. 

ಮೇಷ್ಟ್ರ ಹತ್ತಿರ ಕಲಿತವರೊಬ್ಬರು ಚಿಕ್ಕಜಾಜೂರಿನಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಕಿರಾಣಿ ಅಂಗಡಿ ಇಟ್ಟಿದ್ದರು. ಅಂಗಡಿಯ ಮುಂದೆ ಸಾಮಾನು ಸಾಗಿಸುವ ಪುಟ್ಟ ಗಾಡಿ. ಹೋದ ವಾರ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ, "ಯಾವತ್ತಿಂದು ಹೇಳ್ಲಿ?" ಎಂದು ತಿರುಗಿ ನನ್ನನ್ನೇ ಕೇಳಿದರು. ಮೇಷ್ಟ್ರು ಏನು ಕಲಿಸಿದರು ಎಂದೆ. ಬೆಲ್ಲ ತೂಗುತ್ತಲೇ ಹೇಳಿದರು. "ಏನೂ ಕಲಿಸ್ಲಿಲ್ಲಪ್ಪ ಅವ್ರು. ಪಕ್ಕದಾಗೆ ಕುಂತಿದ್ರು, ಅಷ್ಟೇ."

ಕೊನೆಗೆ ಮೇಷ್ಟ್ರ ಹೆಂಡತಿಯನ್ನೂ ಕೇಳಿದೆ. ಆಫೀಸಿನ ಹಿಂದೆಯೇ ಮನೆ. ಅಮ್ಮ ಟೀ ತಂದಿದ್ದರು. ಪ್ರಶ್ನೆ ಕೇಳಿದ ಕೂಡಲೇ ತಟ್ಟೆ ಕೆಳಗಿಟ್ಟು ನಗತೊಡಗಿದರು. "ನಂಗೆ ಲೈಸೆನ್ಸೇ ಇಲ್ಲ ಕಣೇ. ಮೂರು ತಿಂಗ್ಳು ಕಲಿಸಿದ್ರು ಈ ಮಾರಾಯ್ರು. ಅವ್ರೇ ಓಡಿಸಿದ್ರು, ನಾನು ಸ್ಟೇರಿಂಗ್ ಹಿಡ್ಕಂಡು ಕುಂತಿದ್ದೆ!"

ಮೇಷ್ಟ್ರು ಟೀ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ಅವರೇ ಹೇಳಿದರು. "ಇವಳಿಗೆ ಏನಾರ ಆದೀತು ಅಂತ ನನ್ನ ಕಾಲು ತಾನಾಗೇ ಬ್ರೇಕಿಗೆ ಹೋಗೋದು. ಮೂರು ತಿಂಗ್ಳೂ ನಾನೇ ಹಿಡಿದೀನಿ, ನನಗೇ ಗೊತ್ತಿಲ್ಲ. ಆಮೇಲೆ ಒಂದಿನ ನೆಂಟ್ರ ಕಾರಲ್ಲಿ ಕುಂಡ್ರಿಸ್ದೆ. ಅದ್ರಾಗೆ ನನ್ನ ಕಡೆ ಬ್ರೇಕ್ ಇಲ್ಲ. ಇವಳಿಗೆ ಹೊರಡಾದು ಗೊತ್ತು, ಗೇರು ಗೊತ್ತು, ನಿಲ್ಸಾದು ಗೊತ್ತಿಲ್ಲ. ಯಾಕೆ ಅಂದ್ರೆ ಯಾವತ್ತೂ ಇವಳು ನಿಲ್ಸೇ ಇಲ್ಲ."

"ಎಲ್ಲಿ ನಿಂತ್ರಿ ಮತ್ತೆ?"

"ತಿಪ್ಪೇಲಿ," ಎಂದರು ಅಮ್ಮ.

ಮೂವರೂ ನಕ್ಕೆವು. ಆದರೆ ಮೇಷ್ಟ್ರು ಬೇಗ ನಗು ನಿಲ್ಲಿಸಿದರು. ಅಮ್ಮ ಆಮೇಲೆ ಕಲಿಯಲು ಒಪ್ಪಲೇ ಇಲ್ಲವಂತೆ. ಮೇಷ್ಟ್ರು ಕಾಲು ಮಡಿಸಿ ಕೂರುವುದನ್ನು ಕಲಿತದ್ದು ಅವತ್ತಿನಿಂದಲೇ. ನಾನು ನಾದಿನಿಯ ವಿಷಯವನ್ನು ಯಾರ ಮುಂದೆಯೂ ಹೇಳಿರಲಿಲ್ಲ, ಅವತ್ತು ಅವರ ಮುಂದೆ ಹೇಳಿದೆ. ಅವರು ಸಮಾಧಾನವನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. "ಶನಿವಾರ, ಭಾನುವಾರ ಬಾ. ಹಿಂದಿನ ಸೀಟಲ್ಲಿ ಕುಂತ್ಕ," ಎಂದರು.

ಹಿಂದಿನ ಸೀಟಿನಲ್ಲಿ ನನ್ನದು ಒಂದೇ ಕೆಲಸ. "ರೋಡು ನೋಡ್ಬ್ಯಾಡ, ಓಡ್ಸೋರ ಕುತ್ತಿಗೆ ನೋಡು," ಎನ್ನುತ್ತಿದ್ದರು. ಮೊದಲು ಇದೇನು ತಮಾಷೆ ಎನಿಸಿತ್ತು. ನೋಡುತ್ತ ನೋಡುತ್ತ ತಿಳಿಯತೊಡಗಿತು. ಹೆದರಿಕೆ ಮೊದಲು ಕುತ್ತಿಗೆಗೆ ಬರುತ್ತದೆ, ಆಮೇಲೆ ಭುಜಕ್ಕೆ, ಕಾಲಿಗೆ ಬರುವುದು ಕಡೆಗೆ. ಕುತ್ತಿಗೆ ಬಿಗಿದರೆ ಅವರಿಗೆ ಅಪಾಯ ಕಂಡಿದೆ ಎಂದರ್ಥ. ಕಂಡಿದ್ದರೆ ಅವರೇ ಏನಾದರೂ ಮಾಡುತ್ತಾರೆ, ನಾವು ಕಾಯಬೇಕು. ಎದುರಿಗೆ ಎತ್ತಿನ ಗಾಡಿ ಬಂದರೂ ಕುತ್ತಿಗೆ ಸಡಿಲವಾಗಿಯೇ ಇದ್ದರೆ ಅವರಿಗೆ ಕಂಡಿಲ್ಲ. ಆಗ ಮಾತ್ರ ನಮ್ಮ ಕಾಲಿಗೆ ಕೆಲಸ.

ಏರಿನಲ್ಲಿ ಗಾಡಿ ಎತ್ತುವುದನ್ನು ಕಲಿಸಲು ಅವರ ದಾರಿಯೇ ಬೇರೆ. ಕಾರನ್ನು ಏರಿನ ಮಧ್ಯೆ ನಿಲ್ಲಿಸಿ, ಹಿಂದಿನ ಚಕ್ರದ ಹಿಂದೆ ಒಂದು ನಿಂಬೆಹಣ್ಣು ಇಡುತ್ತಿದ್ದರು. ಗಾಡಿ ಪೂಜೆಯಲ್ಲಿ ಎಲ್ಲರೂ ನಿಂಬೆಹಣ್ಣು ಜಜ್ಜಿಕೊಂಡು ಹೊರಟರೆ, ಇಲ್ಲಿ ಅದು ಉಳಿಯಬೇಕು. ಗಾಡಿ ಗೇಣು ಹಿಂದೆ ಸರಿದರೂ ಹಣ್ಣು ಪಚಕ್. ಉಳಿದ ಹಣ್ಣುಗಳನ್ನೆಲ್ಲ ಅಮ್ಮ ಪಾನಕ ಮಾಡಿ ಕಲಿತವರಿಗೇ ಕುಡಿಸುತ್ತಿದ್ದರು. ಪ್ರತಿ ಬ್ಯಾಚಿನ ಕೊನೆಯ ದಿನ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಜೋಗಿಮಟ್ಟಿಯ ಕಡೆಯ ಏರಿನಲ್ಲಿ ಇದೇ ಪರೀಕ್ಷೆ. ಒಂದು ಸಲ ಐದು ಜನರಲ್ಲಿ ಒಬ್ಬರದೂ ಉಳಿಯಲಿಲ್ಲ. "ಇವತ್ತು ಪಾನಕ ರೋಡಿಗೆ," ಎಂದಷ್ಟೇ ಹೇಳಿ, ಆ ಬ್ಯಾಚನ್ನು ಇನ್ನೊಂದು ವಾರ ಇಟ್ಟುಕೊಂಡರು.

ತಿಂಗಳಾದ ಮೇಲೆ ನನ್ನನ್ನು ಎಡಗಡೆ ಸೀಟಿಗೆ ಕೂರಿಸಿ ತಾವು ಹಿಂದೆ ಕುಳಿತರು. ಕಲಿಯುತ್ತಿದ್ದವರು ಒಬ್ಬ ನರ್ಸು. ಮೇಷ್ಟ್ರು ಹಿಂದೆ ಏನೋ ಗಲಗಲ ಸದ್ದು ಮಾಡುತ್ತಿದ್ದರು. ಇಳಿದ ಮೇಲೆ ಅಂಗಿಯ ಎಡ ಜೇಬಿನಿಂದ ಹುಣಸೆಬೀಜ ತೆಗೆದು ನನ್ನ ಅಂಗೈಗೆ ಸುರಿದರು. ನಾನು ಬ್ರೇಕು ಮುಟ್ಟಿದಾಗಲೆಲ್ಲ ಬಲ ಜೇಬಿನಿಂದ ಎಡ ಜೇಬಿಗೆ ಒಂದು ಬೀಜ ಹಾಕಿಕೊಂಡಿದ್ದರಂತೆ. ಹದಿನೇಳು ಇದ್ದವು.

"ಹದಿನೇಳು ಸಲ ನೀನೇ ಓಡ್ಸಿದ್ಯಲ್ಲಮ್ಮ. ಆಯಮ್ಮ ಓಡ್ಸಾದು ಯಾವಾಗ?"

ನನಗೆ ಸಿಟ್ಟು ಬಂತು. "ಗುದ್ದಿದ್ರೆ?" ಎಂದೆ. "ಒಂದು ಸಲ ಗುದ್ದೋ ಹಂಗಿತ್ತು. ಹದಿನಾರು ಸಲ ಇರ್ಲಿಲ್ಲ. ಆ ಒಂದು ಯಾವ್ದು ಅಂತ ಗೊತ್ತಾಗಾದೇ ನಮ್ಮ ಕೆಲ್ಸ," ಎಂದರು. ಸಿಟ್ಟಿಳಿಯಲು ಎರಡು ದಿನ ಬೇಕಾಯಿತು. ಹದಿನೇಳು ಹತ್ತಾಗಿ, ಹತ್ತು ನಾಲ್ಕಾಗಲು ಮಳೆಗಾಲ ಪೂರ್ತಿ ಹಿಡಿಯಿತು.

ಆಮೇಲೆ ಚಿತ್ರದುರ್ಗದ ಕೇಂದ್ರಕ್ಕೆ ಸೇರು ಎಂದವರೂ ಅವರೇ. ನಾನು ನಿಮ್ಮ ಹತ್ತಿರವೇ ಇರುತ್ತೇನೆ ಎಂದು ಹಟ ಮಾಡಿದೆ. "ಅಲ್ಲಿ ಎಂಜಿನ್ ಬಿಚ್ಚಿ ತೋರಿಸ್ತಾರೆ, ಕಾನೂನು ಹೇಳ್ಕೊಡ್ತಾರೆ. ನನಗೆ ಎರಡೂ ಅರ್ಧಂಬರ್ಧ ಗೊತ್ತು. ಗೊತ್ತಿಲ್ದೆ ಇರಾದನ್ನ ಕಲಿಸ್ದೆ ಅಂದ್ರೆ ಮತ್ತೆ ತಿಪ್ಪೇನೇ," ಎಂದರು. ಸೇರಿದೆ, ಮುಗಿಸಿದೆ. ಹೊಸದುರ್ಗದಲ್ಲಿ ಹೆಂಗಸರ ಬ್ಯಾಚು ಶುರುವಾಯಿತು. ನಾದಿನಿ ಇನ್ನೂ ಬಂದಿಲ್ಲ, ಕೇಳುವುದನ್ನು ನಾನೂ ಬಿಟ್ಟಿಲ್ಲ.

ಎರಡು ವರ್ಷದ ಮೇಲೆ ಮೇಷ್ಟ್ರಿಗೆ ಲಕ್ವ ಹೊಡೆಯಿತು. ದೊಡ್ಡದೇನಲ್ಲ, ಮೂರು ತಿಂಗಳಲ್ಲಿ ಎದ್ದು ಓಡಾಡಿದರು. ಬಲಗಾಲು ಮಾತ್ರ ಸ್ವಲ್ಪ ಎಳೆಯುತ್ತಿತ್ತು. ಒಂದು ಬೆಳಿಗ್ಗೆ ಫೋನ್ ಮಾಡಿ, "ಬಾರಮ್ಮ, ನನಗೊಂದು ಕ್ಲಾಸ್ ತಗ," ಎಂದರು.

ಹೋದರೆ ಆಗಲೇ ಸ್ಟೇರಿಂಗಿನ ಮುಂದೆ ಕುಳಿತಿದ್ದರು. "ಡಾಕ್ಟ್ರು ಓಡ್ಸು ಅಂತಾರೆ, ಇವಳು ಬ್ಯಾಡ ಅಂತಾಳೆ. ಡಾಕ್ಟ್ರು ಕಾಲು ನೋಡಿದಾರೆ, ಓಡ್ಸಾದು ನೋಡಿಲ್ಲ. ಇವಳಿಗೆ ನಾನು ಮಂಚ ಇಳಿದ್ರೂ ಭಯ. ನೀನು ಎಡಕ್ಕೆ ಕುಂತು ನೋಡಿ ಹೇಳು. ಆಗ್ತದೆ ಅಂದ್ರೆ ನಾಳೆಯಿಂದ ಸ್ಕೂಲ್ ತೆಗೀತೀನಿ. ಆಗಲ್ಲ ಅಂದ್ರೆ ಬೋರ್ಡ್ ಇಳಿಸ್ತೀನಿ." ಅಮ್ಮ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಓಡಿಹೋಗೋಣ ಎನಿಸಿತು.

ಚಿಕ್ಕಜಾಜೂರಿನ ರಸ್ತೆ ಹಿಡಿದೆವು. ಓಡಿಸುವುದನ್ನು ಅವರಿಗೆ ಯಾರು ಹೇಳಿಕೊಡಬೇಕು? ಸ್ಟೇರಿಂಗಿನ ಮೇಲೆ ಕೈ ಹಗುರ, ಕನ್ನಡಿಯ ಮೇಲೆ ಕಣ್ಣು, ಗೇರು ಬೆಣ್ಣೆಯಂತೆ ಬೀಳುತ್ತಿತ್ತು. ಬಹಳ ಸಂತೋಷವಾಯಿತು. 'ಆಗ್ತದೆ ಮೇಷ್ಟ್ರೇ' ಎಂಬ ಮಾತನ್ನು ಆಗಲೇ ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದೆ. ಒಂದು ತಿರುವು ಕಳೆಯಿತು. ಮುಂದೆ ಕುರಿಮಂದೆ ರಸ್ತೆ ದಾಟುತ್ತಿತ್ತು.

"ಕುರಿ," ಎಂದರು ಮೇಷ್ಟ್ರು. ಅವರಿಗೆ ಕಂಡಿತ್ತು. ಕುತ್ತಿಗೆಯೂ ಬಿಗಿಯಿತು, ಆದರೆ ಮರುಕ್ಷಣವೇ ಸಡಿಲವಾಯಿತು. ಬ್ರೇಕು ಹಿಡಿದಾಯಿತು ಎಂದುಕೊಂಡವರ ಕುತ್ತಿಗೆ ಅದು. ಗಾಡಿಯ ವೇಗ ಮಾತ್ರ ಇಳಿಯಲಿಲ್ಲ. ಬಗ್ಗಿ ನೋಡಿದೆ. ಬಲಗಾಲು ಆಕ್ಸಿಲರೇಟರಿನ ಮೇಲೆ ಇದ್ದಲ್ಲೇ ಇತ್ತು. ಇನ್ನೂ ಹಿಡಿಯಬಹುದು, ಅವರಲ್ಲವೇ, ಹಿಡಿದೇ ಹಿಡಿಯುತ್ತಾರೆ ಎಂದು ಕಾದೆ. ಆಮೇಲೆ ನಾನು ಒತ್ತಿದೆ.

ಕಡೆಯ ಕುರಿಗೆ ಎರಡು ಮಾರು ಇರುವಾಗ ಕಾರು ನಿಂತಿತು. ಕುರಿಯವನು ಕೋಲೆತ್ತಿ ಬೈಯಲು ಬಂದವನು ಒಳಗಿದ್ದವರನ್ನು ಕಂಡು, "ಓ, ಮೇಷ್ಟ್ರಾ! ನಿಧಾನಕ್ ಬರ್ರಿ," ಎಂದು ಮಂದೆಯನ್ನು ಹೊಡೆದುಕೊಂಡು ಹೋದ.

"ಯಾಕಮ್ಮ ಅಷ್ಟೊತ್ತು ಕಾದೆ?" ಎಂದರು.

"ನೀವು ಹಿಡೀತೀರ ಅಂತ, ಮೇಷ್ಟ್ರೇ."

"ನಾನೂ ಹಿಡ್ದೀನಿ ಅಂತಾನೇ ಅನ್ಕಂಡಿದ್ದೆ."

ನನ್ನ ಕಡೆ ತಿರುಗಿ, "ಹ್ಞೂಂ, ಈಗ ಹೇಳು," ಎಂದರು. ನನಗೆ ಅಳು ಒತ್ತಿ ಬಂತು. "ಆಗಲ್ಲ ಮೇಷ್ಟ್ರೇ," ಎಂದೆ. ಅವರು ತಲೆಯಾಡಿಸಿ ಎಂಜಿನ್ ನಿಲ್ಲಿಸಿದರು. ಇಳಿದು, ಬಾನೆಟ್ಟಿನ ಮೇಲೆ ಕೈಯೂರಿಕೊಂಡು, ಕಾಲೆಳೆಯುತ್ತ ನನ್ನ ಬಾಗಿಲ ಹತ್ತಿರ ಬಂದು ನಿಂತರು. ನಾನು ಸ್ಟೇರಿಂಗಿಗೆ ಹೋದೆ.

ಹೊಳಲ್ಕೆರೆಯ ಹತ್ತಿರ ಒಂದು ರಸ್ತೆಯುಬ್ಬು ಇದೆ. ಕಣ್ಣು ಮಂಜಾಗಿ ಅದನ್ನು ತಡವಾಗಿ ಕಂಡೆ. ತಪ್ಪು ಗೇರಿಗೆ ಹಾಕಿದೆ, ಗಾಡಿ ಗಕ್ಕೆಂದು ಕುಲುಕಿ ನಿಂತಿತು. ಕಲಿತ ಮೊದಲ ವರ್ಷವೂ ನಾನು ಹಾಗೆ ಮಾಡಿರಲಿಲ್ಲ. ಮೇಷ್ಟ್ರು ಕಿಟಕಿಯಿಂದಾಚೆ ನೋಡುತ್ತ ಸುಮ್ಮನೆ ಕುಳಿತಿದ್ದರು. ನನಗೆ ತಡೆಯಲಾಗಲಿಲ್ಲ.

"ತಪ್ಪಾಯ್ತಲ್ಲ ಮೇಷ್ಟ್ರೇ, ಏನಾರ ಅನ್ರಿ," ಎಂದೆ.

"ನಾನ್ಯಾಕೆ ಅನ್ಲಿ," ಎಂದರು. "ನಾನು ಪ್ಯಾಸೆಂಜರ್ ಕಣಮ್ಮ."